ತಿಳಿದವರನ್ನು ಕರೆದು ಕೂಗಾಡಿಸಬೇಡಿ: ಕನ್ನಡ ಸುದ್ದಿವಾಹಿನಿಗಳ ಸಂಪಾದಕರಿಗೆ ಬಹಿರಂಗ ಪತ್ರ

ಇವರಿಗೆ,
ಪ್ರಧಾನ ಸಂಪಾದಕರು,
ಕನ್ನಡದ ಸುದ್ದಿವಾಹಿನಿಗಳು

ವಿಷಯ: ತಿಳಿವಳಿಕೆಯ ಮಾತನ್ನು ಜಗಳವಾಗಿಸಿ ಪ್ರಸಾರ ಮಾಡುತ್ತಿರುವುದು ಮತ್ತು ತಪ್ಪು ಸುದ್ದಿಗೆ ತಿದ್ದುಪಡಿ ಪ್ರಸಾರವಾಗದೇ ಇರುವುದು.

ಮಾನ್ಯರೇ,

ನಾನು ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಹೇಳಿಕೊಡುವ ಉಪನ್ಯಾಸಕ. ಟಿ.ವಿ. ನೋಡುವುದೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರ ಪೈಕಿ ಅಲ್ಲ. ಸಂಜೆ ಕಾಫಿಯ ಹೊತ್ತಿನಿಂದ ರಾತ್ರಿ ಊಟ ಮುಗಿಯುವವರೆಗೆ ನಮ್ಮ ಮನೆಯಲ್ಲಿ ನಿಮ್ಮ ಪೈಕಿ ಯಾರಾದರೊಬ್ಬರು ಮಾತನಾಡುತ್ತಲೇ ಇರುತ್ತಾರೆ. ಹೇಮಾವತಿಗೆ ಎಷ್ಟು ನೀರು ಬಂತು, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯಿತೇ, ಕೊಬ್ಬರಿ ಧಾರಣೆ ಏನಾಯಿತು ಎಂಬುದೆಲ್ಲ ನಮಗೆ ತಿಳಿಯುವುದು ನಿಮ್ಮಿಂದಲೇ. ಮಳೆಯಲ್ಲಿ ನೆನೆದುಕೊಂಡು ನಿಂತು ವರದಿ ಮಾಡುವ ನಿಮ್ಮ ಜಿಲ್ಲಾ ವರದಿಗಾರರ ಬಗ್ಗೆ ನನಗೆ ಗೌರವವಿದೆ. ಈ ಪತ್ರ ಅವರಿಗಲ್ಲ. ಯಾವ ವಿಷಯಕ್ಕೆ ಯಾರನ್ನು ಕರೆಯಬೇಕು, ಅವರ ಹೆಸರಿನ ಕೆಳಗೆ ಏನು ಬರೆಯಬೇಕು, ಎಷ್ಟು ಹೊತ್ತು ಮಾತನಾಡಲು ಬಿಡಬೇಕು ಎಂದು ತೀರ್ಮಾನಿಸುವ ನಿಮಗೆ.

ನಿಮ್ಮ ಮೇಲೆ ಸಾಮಾನ್ಯವಾಗಿ ಕೇಳಿಬರುವ ದೂರು ಸುಳ್ಳು ಸುದ್ದಿಯದು. ನನ್ನ ದೂರು ಅದಕ್ಕೂ ಮೊದಲಿನ ಒಂದು ಕೆಲಸದ ಬಗ್ಗೆ. ಒಂದು ವಿಷಯವನ್ನು ವರ್ಷಗಟ್ಟಲೆ ಓದಿದವನನ್ನು ನೀವು ಕರೆಯುತ್ತೀರಿ. ಅದನ್ನು ಓದಿಯೇ ಇರದವನ ಎದುರು ಕೂರಿಸುತ್ತೀರಿ. ಇಬ್ಬರನ್ನೂ ಜಗಳಕ್ಕೆ ಬಿಡುತ್ತೀರಿ. ಗಂಟಲು ದೊಡ್ಡದಿದ್ದವನು ಗೆಲ್ಲುತ್ತಾನೆ. ನೋಡಿದ ಜನ ಎದ್ದು ಹೋಗುವಾಗ ಅವರ ಮನಸ್ಸಿನಲ್ಲಿ ಉಳಿಯುವುದು ಇಷ್ಟೇ: ಓದಿದವರದ್ದೂ ಒಂದು ಪಕ್ಷ, ಅವರು ಹೇಳುವುದೂ ಒಂದು ಅಭಿಪ್ರಾಯ. ನೆಲ ಹೀಗೆ ಹದವಾದ ಮೇಲೆ ಯಾವ ಸುಳ್ಳನ್ನು ಬಿತ್ತಿದರೂ ಬೆಳೆಯುತ್ತದೆ.

ನನಗಾದದ್ದನ್ನೇ ಹೇಳುತ್ತೇನೆ. 2025ರ ಸೆಪ್ಟೆಂಬರ್ 7ರ ಭಾನುವಾರ ರಾತ್ರಿ ಪೂರ್ಣ ಚಂದ್ರಗ್ರಹಣವಿತ್ತು. ಹತ್ತು ಗಂಟೆಗೆ ಸ್ವಲ್ಪ ಮೊದಲು ಶುರುವಾಗಿ ನಡುರಾತ್ರಿ ಕಳೆದು ಒಂದೂವರೆಯ ಹೊತ್ತಿಗೆ ಬಿಟ್ಟಿತು. ಚಂದ್ರ ಪೂರ್ತಿ ನೆರಳಿನಲ್ಲಿದ್ದದ್ದು 82 ನಿಮಿಷ. ಆ ಸಂಜೆಯ ಚರ್ಚೆಗೆ ನಿಮ್ಮಲ್ಲೊಂದು ವಾಹಿನಿಯಿಂದ ನನಗೆ ಕರೆ ಬಂತು. ಮಾತನಾಡಿಸಿದ ತರುಣ ವಿನಯವಂತ. ‘ಸರ್, ಸ್ವಲ್ಪ ಜೋರಾಗಿ ಮಾತನಾಡಬೇಕು. ಗುರೂಜಿ ಮಾತನಾಡುವಾಗ ನೀವು ನಡುವೆ ಬಾಯಿ ಹಾಕಿದರೂ ತೊಂದರೆಯಿಲ್ಲ’ ಎಂದ. ಚಂದ್ರ ಯಾಕೆ ಕೆಂಪಗಾಗುತ್ತಾನೆ ಎಂದು ಹೇಳಲು ನಾನೊಂದು ಚೆಂಡು, ಒಂದು ಟಾರ್ಚು ಇಟ್ಟುಕೊಂಡು ಮೊಬೈಲಿನ ಮುಂದೆ ಕುಳಿತೆ. ಕೆಂಪಿಗೆ ಕಾರಣ ಸರಳ, ಹೇಳಿದರೆ ಸುಂದರವೂ ಹೌದು: ನಮ್ಮ ವಾತಾವರಣದ ಅಂಚಿನಿಂದ ಬಾಗಿ ಬರುವ ಸೂರ್ಯನ ಬೆಳಕಿನಲ್ಲಿ ನೀಲಿ ಚದುರಿಹೋಗುತ್ತದೆ, ಕೆಂಪು ಮಾತ್ರ ಚಂದ್ರನನ್ನು ಮುಟ್ಟುತ್ತದೆ. ಆ ಹೊತ್ತಿನಲ್ಲಿ ಭೂಮಿಯ ಸುತ್ತ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದಾನೋ, ಎಲ್ಲೆಲ್ಲಿ ಮುಳುಗುತ್ತಿದ್ದಾನೋ ಆ ಎಲ್ಲ ಊರುಗಳ ಬಣ್ಣ ಅದು. ಇದನ್ನು ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಸಿಗಲಿಲ್ಲ.

ಪರದೆಯ ಮೇಲೆ ಗುರೂಜಿಯ ಹೆಸರಿನ ಕೆಳಗೆ ‘ಖ್ಯಾತ ಜ್ಯೋತಿಷಿ’ ಎಂದಿತ್ತು. ನನ್ನ ಹೆಸರಿನ ಕೆಳಗೆ ‘ವಿಚಾರವಾದಿ’ ಎಂದಿತ್ತು. ನಾನು ಯಾವ ವಾದಿಯೆಂದೂ ಅವರಿಗೆ ಹೇಳಿರಲಿಲ್ಲ, ಭೌತಶಾಸ್ತ್ರದ ಉಪನ್ಯಾಸಕ ಎಂದಷ್ಟೇ ಹೇಳಿದ್ದೆ. ಅವರ ಕಸುಬನ್ನು ಬರೆದಿರಿ, ನನ್ನದನ್ನು ಅಳಿಸಿ ನನ್ನನ್ನೊಂದು ಗುಂಪಿಗೆ ಸೇರಿಸಿದಿರಿ. ನಿರೂಪಕರು ನನಗೆ ಕೇಳಿದ ಮೊದಲ ಪ್ರಶ್ನೆ: ‘ಹಾಗಾದರೆ ನಮ್ಮ ಪೂರ್ವಜರೆಲ್ಲ ದಡ್ಡರೇ ಸರ್?’ ನಾನು ಬಾಯಿ ತೆರೆಯುವಷ್ಟರಲ್ಲಿ ಜಾಹೀರಾತು ಬಂತು. ಜಾಹೀರಾತು ಮುಗಿದ ಮೇಲೆ ಪ್ರಶ್ನೆ ಗುರೂಜಿಯ ಕಡೆಗೆ ಹೋಗಿತ್ತು. ಹನ್ನೆರಡು ರಾಶಿಗಳ ಫಲ ಕೇಳಬೇಕಿತ್ತಲ್ಲ.

ಅಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ದಡ್ಡರಲ್ಲ, ಮಾನ್ಯರೇ. ಸೂರ್ಯನನ್ನು ಚಂದ್ರ ಮರೆಮಾಡುತ್ತಾನೆ, ಚಂದ್ರನನ್ನು ಭೂಮಿಯ ನೆರಳು ಮುಚ್ಚುತ್ತದೆ ಎಂದು ಆರ್ಯಭಟ ಕ್ರಿ.ಶ. 499ರಲ್ಲೇ ಬರೆದಿಟ್ಟಿದ್ದಾನೆ. ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷಗಳನ್ನು ಲೆಕ್ಕ ಹಾಕುವ ಗಣಿತವನ್ನು ಈ ದೇಶದ ಸಿದ್ಧಾಂತಿಗಳು ದೂರದರ್ಶಕವಿಲ್ಲದ ಕಾಲದಲ್ಲಿ ಕಟ್ಟಿದರು. ಅಂದು ಗುರೂಜಿಯ ಕೈಯಲ್ಲಿದ್ದ ಪಂಚಾಂಗದ ವೇಳೆಯೂ ನನ್ನ ಬಳಿಯಿದ್ದ ವೇಳೆಯೂ ಒಂದೇ. ಪೂರ್ವಜರ ಗಣಿತವನ್ನು ಹೇಳಲು ಬಂದವನನ್ನು ಪೂರ್ವಜರ ವೈರಿಯೆಂದು ತೋರಿಸಿದಿರಿ, ಆ ಗಣಿತದ ಹೆಸರನ್ನೂ ಎತ್ತದವರನ್ನು ಅವರ ವಾರಸುದಾರರೆಂದು ಕೂರಿಸಿದಿರಿ. ನನಗೆ ನೋವಾದದ್ದು ಅಲ್ಲಿ.

ಮರುದಿನ ತರಗತಿಯಲ್ಲಿ ಹುಡುಗಿಯೊಬ್ಬಳು ‘ಸರ್, ನಿನ್ನೆ ನೀವು ಸೋತುಬಿಟ್ಟಿರಲ್ಲ’ ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಿಂದಿನ ವಾರವಷ್ಟೇ ಗ್ರಹಣದ ಚಿತ್ರವನ್ನು, ದಟ್ಟ ನೆರಳು ತೆಳು ನೆರಳುಗಳ ಸಮೇತ, ಬೋರ್ಡಿನ ಮೇಲೆ ತಪ್ಪಿಲ್ಲದೆ ಬರೆದು ತೋರಿಸಿದ್ದವಳು ಅವಳು. ಅವಳಿಗೂ ಈಗ ಗ್ರಹಣವೆಂದರೆ ಯಾರೋ ಗೆದ್ದು ಯಾರೋ ಸೋಲುವ ಪಂದ್ಯ.

ಇದರಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ಆ ದಿನ ನಮ್ಮ ಬೀದಿಯ ಗರ್ಭಿಣಿಯೊಬ್ಬಳು ಮಧ್ಯಾಹ್ನ ಒಂದು ಗಂಟೆಯಿಂದ, ಅಂದರೆ ಗ್ರಹಣಕ್ಕೆ ಮೊದಲಿನ ಉಪವಾಸದ ಹೊತ್ತಾದ ವೇಧ ಹಿಡಿದಾಗಿನಿಂದ, ತೊಟ್ಟು ನೀರು ಕುಡಿದಿರಲಿಲ್ಲ. ರಾತ್ರಿ ತಲೆ ಸುತ್ತಿ ಕುಳಿತಾಗ ಅವಳ ಅತ್ತೆ ಹೇಳಿದ್ದು, ‘ಟಿ.ವಿ.ಯಲ್ಲಿ ಹೇಳಿದರಲ್ಲ ಮೇಷ್ಟ್ರೇ’ ಎಂದು. ಹಳೆಯ ಕಟ್ಟಳೆ ಕೂಡ ಮಕ್ಕಳಿಗೆ, ಮುದುಕರಿಗೆ, ರೋಗಿಗಳಿಗೆ ವೇಧದಲ್ಲಿ ರಿಯಾಯಿತಿ ಕೊಡುತ್ತದೆ. ನಿಮ್ಮ ಪರದೆಯಲ್ಲಿ ಆ ರಿಯಾಯಿತಿಯೂ ಇರಲಿಲ್ಲ. ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದರೆ ಮಗುವಿಗೆ ಸೀಳುತುಟಿ ಬರುತ್ತದೆ ಎಂಬ ಮಾತು ಎಲ್ಲ ಗ್ರಹಣಗಳಲ್ಲೂ ಬರುತ್ತದೆ. ಗರ್ಭದಲ್ಲಿ ತುಟಿ ಕೂಡಿಕೊಳ್ಳುವುದು ನಾಲ್ಕನೆಯ ವಾರದಿಂದ ಏಳನೆಯ ವಾರದೊಳಗೆ. ಎಷ್ಟೋ ಹೆಂಗಸರಿಗೆ ತಾವು ಬಸಿರೆಂದು ಖಚಿತವಾಗುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ತುಂಬು ಗರ್ಭಿಣಿ ಈಳಿಗೆ ಮುಟ್ಟಿದರೆ ಕೂಡಿದ ತುಟಿ ಸೀಳುವುದಿಲ್ಲ. ಇದನ್ನು ಹೇಳಲು ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯೆ ಸಾಕು. ಅವರನ್ನು ಕರೆದವರು ಯಾರು?

ಇನ್ನೂ ದೊಡ್ಡ ನಷ್ಟವನ್ನು ನೀವೇ ವರದಿ ಮಾಡಿದ್ದೀರಿ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣ. ಮಂಗಳೂರು, ಕೊಡಗಿನ ಕಡೆಯವರಿಗೆ ಪೂರ್ತಿ ಬಳೆಯಾಕಾರ ಕಾಣುವ ಭಾಗ್ಯ. ಪಿಲಿಕುಳದಲ್ಲಿ ಜನ ಕನ್ನಡಕ ಹಾಕಿಕೊಂಡು ಆಕಾಶ ನೋಡುತ್ತಿದ್ದ ಅದೇ ಬೆಳಿಗ್ಗೆ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು, ಗ್ರಹಣದ ಹೊತ್ತಿನಲ್ಲಿ ಹಾಗೆ ಮಾಡಿದರೆ ಅಂಗವೈಕಲ್ಯ ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ. ಆ ದೃಶ್ಯವನ್ನು ‘ಅಯ್ಯೋ, ಇದೆಂಥಾ ಮೌಢ್ಯ’ ಎಂಬ ಶೀರ್ಷಿಕೆಯ ಜಾಡಿನಲ್ಲಿ ತೋರಿಸಿದ್ದಾಯಿತು. ಆ ತಾಯಿತಂದೆಯರಿಗೆ ಆ ನಂಬಿಕೆ ಎಲ್ಲಿಂದ ಬಂತೋ ನಾನು ಹೇಳಲಾರೆ. ಗ್ರಹಣಕ್ಕೆ ಕೈಕಾಲುಗಳ ಮೇಲೆ, ಹಣೆಬರಹದ ಮೇಲೆ ಶಕ್ತಿಯಿದೆ ಎಂದು ವಾರಗಟ್ಟಲೆ ಹೇಳಿ, ಅದನ್ನು ನಂಬಿದ ಬಡವನನ್ನು ಕೊನೆಯ ದಿನ ಮೂಢ ಎಂದು ಕರೆಯುವುದು ಯಾವ ನ್ಯಾಯ ಎಂದು ಮಾತ್ರ ಕೇಳುತ್ತೇನೆ.

ಗ್ರಹಣದ ಮಾತಾಯಿತು. ನಂಬಿಕೆಯ ವಿಷಯ ಸೂಕ್ಷ್ಮ ಎಂದು ನೀವು ತಪ್ಪಿಸಿಕೊಳ್ಳಬಹುದು. ಹಾಗಿದ್ದರೆ ದೇವರು ದಿಂಡರಿಗೆ ಸಂಬಂಧವೇ ಇಲ್ಲದ ಒಂದು ಪ್ರಸಂಗ ನೋಡೋಣ. 2016ರ ನವೆಂಬರ್ 8ರ ರಾತ್ರಿ ನೋಟು ರದ್ದತಿ ಘೋಷಣೆಯಾಯಿತು. ಅದರ ಬೆನ್ನಿಗೇ, ಹೊಸ 2,000 ರೂಪಾಯಿ ನೋಟಿನಲ್ಲಿ ನ್ಯಾನೋ ಚಿಪ್ ಇದೆ, ನೆಲದೊಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂಬ ಸುದ್ದಿ ಕನ್ನಡದಲ್ಲೂ ಹಿಂದಿಯಲ್ಲೂ ಪ್ರಸಾರವಾಯಿತು. ಮೊಬೈಲಿನಲ್ಲಿ ಹರಿದಾಡುತ್ತಿದ್ದ ಗಾಳಿಮಾತಿಗೆ ಗ್ರಾಫಿಕ್ಸ್ ಸೇರಿತು, ಬಾಣದ ಗುರುತು ಸೇರಿತು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಅವು ಸಂಕೇತ ಕಳುಹಿಸುತ್ತವೆ. ನಮ್ಮ ಮೊಬೈಲ್ ಅದನ್ನು ಸ್ವೀಕರಿಸಿ ತಾನೆಲ್ಲಿದ್ದೇನೆಂದು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಆ ಲೆಕ್ಕವನ್ನು ಇನ್ನೊಬ್ಬರಿಗೆ ತಿಳಿಸಬೇಕಾದರೆ ಅದಕ್ಕೊಂದು ಬ್ಯಾಟರಿ ಬೇಕು, ಆಂಟೆನಾ ಬೇಕು. ಕಾಂಕ್ರೀಟು ಮಾಳಿಗೆಯ ಒಳಗೆ ಬಂದರೆ ತಡವರಿಸುವ ಆ ಸಂಕೇತ 120 ಮೀಟರ್ ಮಣ್ಣು ಸೀಳಿಕೊಂಡು ಹೋಗುವುದಿಲ್ಲ. ಯಾವ ಡಿಪ್ಲೊಮಾ ಕಾಲೇಜಿಗೆ ಫೋನ್ ಮಾಡಿದ್ದರೂ ಇಷ್ಟು ತಿಳಿಯುತ್ತಿತ್ತು. ಅಂಥ ಚಿಪ್ ಇಲ್ಲ ಎಂದು ರಿಸರ್ವ್ ಬ್ಯಾಂಕ್ ಕೂಡ ಹೇಳಿತು. ಆ ನೋಟನ್ನು 2023ರ ಮೇ 19ರಂದು ಚಲಾವಣೆಯಿಂದ ಹಿಂದಕ್ಕೆ ಪಡೆಯುವ ಘೋಷಣೆಯೂ ಆಯಿತು. ನೋಟು ಬಂದು ಹೋಯಿತು. ತಿದ್ದುಪಡಿ ಮಾತ್ರ, ಸುದ್ದಿ ಬಂದ ಗಾತ್ರದಲ್ಲಿ, ನನ್ನ ಕಣ್ಣಿಗೆ ಬೀಳಲಿಲ್ಲ.

ಅಂದು ‘ಇದು ಸಾಧ್ಯವಿಲ್ಲ’ ಎಂದವರಿಗೆ ಸಿಕ್ಕಿದ ಬಿರುದುಗಳು ನಿಮಗೂ ನೆನಪಿರಬಹುದು. ದೇಶದ ಪ್ರಗತಿ ಸಹಿಸದವರು, ಅತಿ ಬುದ್ಧಿವಂತರು, ಬುದ್ಧಿಜೀವಿಗಳು. ಭೌತಶಾಸ್ತ್ರದ ಒಂದು ಸಾಮಾನ್ಯ ಮಾತು ದೇಶಭಕ್ತಿಯ ಪರೀಕ್ಷೆಯಾಯಿತು.

ನೋಟಿನ ಕತೆ ನೆನೆದು ಈಗ ನಗಬಹುದು. ಎಲ್ಲವೂ ನಗುವಿನಲ್ಲಿ ಮುಗಿಯುವುದಿಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂದು ಭಾವಿಸಿ ಜನ ಅಮಾಯಕರನ್ನು ಹೊಡೆದು ಕೊಂದರು. ಮುರ್ಕಿಯಲ್ಲಿ ಸತ್ತವನು ಹೈದರಾಬಾದಿನ ಎಂಜಿನಿಯರ್; ಅವನ ಜೊತೆಗಿದ್ದವರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಆ ದಿನಗಳಲ್ಲಿ ಊರೂರಿಗೆ ಹಬ್ಬಿದ್ದ ವಿಡಿಯೊ, ಬೈಕಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋಗುವುದು, ಕರಾಚಿಯಲ್ಲಿ ಜಾಗೃತಿಗಾಗಿ ತೆಗೆದದ್ದು. ಮಗುವನ್ನು ಮರಳಿ ಬಿಟ್ಟು ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದನ್ನು ಹರಡಿದ್ದು ಮೊಬೈಲು, ನೀವಲ್ಲ. ಆದರೆ ಕತ್ತರಿಸಿದ ಭಾಗವನ್ನು ಸೇರಿಸಿ, ಪೂರ್ತಿ ವಿಡಿಯೊವನ್ನು ಗಂಟೆಗೊಮ್ಮೆ ಹಳ್ಳಿಹಳ್ಳಿಗೂ ತೋರಿಸುವ ಶಕ್ತಿ ಆ ಹೊತ್ತಿನಲ್ಲಿ ಇದ್ದದ್ದು ನಿಮಗೆ ಮಾತ್ರ. ಎಷ್ಟು ಸಲ ತೋರಿಸಿದಿರಿ ಎಂಬುದನ್ನು ನಿಮ್ಮ ಕಡತಗಳಲ್ಲಿ ನೀವೇ ಹುಡುಕಿ ನೋಡಿ.

ಕೋವಿಡ್ ಕಾಲದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2020ರಲ್ಲಿ ಒಂದು ಸಮುದಾಯವನ್ನೇ ರೋಗದ ಮೂಲವೆಂಬಂತೆ ತೋರಿಸಿದ್ದಕ್ಕೆ 2021ರ ಜೂನ್‌ನಲ್ಲಿ ಎರಡು ಕನ್ನಡ ವಾಹಿನಿಗಳಿಗೆ ನಿಮ್ಮದೇ ಸ್ವಯಂ ನಿಯಂತ್ರಣ ಸಂಸ್ಥೆ ದಂಡ ಹಾಕಿತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ. ಎರಡನೆಯ ಅಲೆಯಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆ ಎಂಬ ಸಲಹೆ ಗಣ್ಯರ ಬಾಯಿಂದಲೇ ಹೊರಟಿತು. ಸಿಂಧನೂರಿನಲ್ಲಿ ಶಿಕ್ಷಕರೊಬ್ಬರು ಹಾಗೆ ಮಾಡಿಕೊಂಡ ಬಳಿಕ ತೀರಿಕೊಂಡರೆಂದು ವರದಿಯಾಯಿತು. ಶಿಕ್ಷಕರು. ವಿದ್ಯೆ ಇದ್ದವರನ್ನೂ ತಿಳಿದವರ ಮಾತಿನಿಂದ ದೂರ ಮಾಡುವ ಗಾಳಿ ಅದು.

ನೀವು ಹೇಳಬಹುದು, ಸಮಾಜವೇ ಹೀಗಿದೆ, ನಾವು ಕನ್ನಡಿ ಹಿಡಿಯುತ್ತೇವೆ ಅಷ್ಟೇ ಎಂದು. ಇದೇ ಸಮಾಜ ಬೇರೆ ರೀತಿಯಲ್ಲಿ ಇದ್ದದ್ದೂ ಉಂಟು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದು ಭೌತಶಾಸ್ತ್ರ ಓದಿದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಪ್ರಭಾವಿಗಳಾದ ಭಕ್ತರು ಸಿಟ್ಟಾದರು, ವಿರೋಧ ಜೋರಾಗಿಯೇ ಬಂತು. ಆದರೆ ಪ್ರಶ್ನೆ ಪ್ರಶ್ನೆಯಾಗಿಯೇ ಚರ್ಚೆಯಾಯಿತು: ಪವಾಡ ನಿಜವಾದರೆ ಪರೀಕ್ಷೆಗೆ ಯಾಕೆ ಅಂಜಬೇಕು? ಇಂದು ಅವರು ನಿಮ್ಮ ಸ್ಟುಡಿಯೋದಲ್ಲಿ ಕುಳಿತಿದ್ದರೆ ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಯಾರ ಮೇಲೂ ಬೀಳುತ್ತಿರಲಿಲ್ಲ. ‘ಬೇರೆ ಧರ್ಮದವರನ್ನು ಕೇಳುವ ಧೈರ್ಯ ಇದೆಯೇ ನಿಮಗೆ?’ ಎಂಬ ಮರುಪ್ರಶ್ನೆಯಲ್ಲಿ ಅರ್ಧ ಗಂಟೆ ಮುಗಿದುಹೋಗುತ್ತಿತ್ತು. ಆ ಗಾಂಧಿ ಟೋಪಿ, ಖಾದಿ ಪಂಚೆಯ ಬ್ರಹ್ಮಚಾರಿಯನ್ನು ಯಾವ ಪಕ್ಷದ ಏಜೆಂಟ್ ಎಂದು ಕರೆಯುತ್ತಿದ್ದಿರೋ ನನಗೆ ಕುತೂಹಲವಿದೆ.

ಡಾ. ಎಂ.ಎಂ. ಕಲಬುರ್ಗಿಯವರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಶಾಸನ, ವಚನ ಸಾಹಿತ್ಯ, ಗ್ರಂಥ ಸಂಪಾದನೆ ಎಂದು ಬಾಳಿನುದ್ದಕ್ಕೂ ದುಡಿದವರು. 2014ರ ಜೂನ್‌ನಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ ಅವರು ಆಡಿದ ಮಾತಿನ ತುಣುಕು ವಿವಾದವಾಯಿತು. ಅವರ ಒಂದು ಪುಟವನ್ನೂ ಓದದ ಲಕ್ಷಾಂತರ ಜನರಿಗೆ ಅವರು ಆ ತುಣುಕಾಗಿಯೇ ಪರಿಚಯವಾದರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ಆ ಕೊಲೆಗೆ ನೀವು ಹೊಣೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಅನ್ಯಾಯ. ಒಬ್ಬ ವಿದ್ವಾಂಸನನ್ನು ಅವನ ವಿದ್ವತ್ತಿನಿಂದ ಬೇರ್ಪಡಿಸಿ ತೋರಿಸಿದರೆ, ಜನರ ಕಣ್ಣಿನಲ್ಲಿ ಉಳಿಯುವುದು ಒಬ್ಬ ಉದ್ಧಟ ಮುದುಕ ಮಾತ್ರ. ಅವನು ಇಲ್ಲವಾದಾಗ ಏನನ್ನು ಕಳೆದುಕೊಂಡೆವೆಂದು ಜನರಿಗೆ ಗೊತ್ತಾಗುವುದಿಲ್ಲ. ಅಷ್ಟು ಮಾತ್ರ ನನ್ನ ಮಾತು.

ಇನ್ನು ಟಿ.ಆರ್.ಪಿ. ಎಂಬ ನೆಪ. ಜನ ಅದನ್ನೇ ನೋಡುತ್ತಾರೆ, ವಿಜ್ಞಾನ ಹಾಕಿದರೆ ಚಾನೆಲ್ ಬದಲಿಸುತ್ತಾರೆ ಎಂದು ನಿಮ್ಮಲ್ಲಿ ಕೆಲಸ ಮಾಡುವ ನನ್ನ ಹಳೆಯ ಶಿಷ್ಯರೇ ಹೇಳುತ್ತಾರೆ. 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿವಾಹಿನಿಗಳ ವಾರದ ರೇಟಿಂಗ್ ಪ್ರಕಟಣೆಯೇ ನಿಂತಿತ್ತು. ಯಾರು ಮುಂದೆ, ಯಾರು ಹಿಂದೆ ಎಂದು ತೋರಿಸುವ ಅಂಕಿ ಇಲ್ಲದ ಸುಮಾರು ಒಂದೂವರೆ ವರ್ಷ. ಆ ಅವಧಿಯಲ್ಲಿ ನಿಮ್ಮ ಚರ್ಚೆಗಳು ಶಾಂತವಾದವೇ? ಬೆಳಗಿನ ಭವಿಷ್ಯ ಒಂದು ದಿನವಾದರೂ ನಿಂತಿತೇ? ಅಂಕಿ ಇಲ್ಲದಿದ್ದಾಗಲೂ ನಡೆದದ್ದು ಅದೇ ಎಂದ ಮೇಲೆ ವೀಕ್ಷಕರ ಹೆಗಲ ಮೇಲೆ ಎಲ್ಲವನ್ನೂ ಹೇರುವುದು ಸರಿಯಲ್ಲ. ಅಭ್ಯಾಸ ನಿಮ್ಮದು. ಕನ್ನಡದಲ್ಲಿ ವಿಜ್ಞಾನ ಓಡುವುದಿಲ್ಲ ಎಂಬ ಮಾತನ್ನಂತೂ ದಯವಿಟ್ಟು ಹೇಳಬೇಡಿ. ಓದು ಬಲ್ಲವರೇ ವಿರಳವಾಗಿದ್ದ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಕನ್ನಡದಲ್ಲಿ ವಿಜ್ಞಾನಕ್ಕಾಗಿಯೇ ಒಂದು ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗೂ ದೊಡ್ಡವರಿಗೂ ವಿಶ್ವಕೋಶ ಬರೆದರು. ನಿಮ್ಮ ಒಂದು ದಿನದ ಗ್ರಾಫಿಕ್ಸ್ ಖರ್ಚೂ ಅವರ ಕೈಯಲ್ಲಿ ಇರಲಿಲ್ಲ.

ಕಾನೂನಿನ ಮಾತನ್ನು ಚುಟುಕಾಗಿ ಆಡುತ್ತೇನೆ, ಹೆದರಿಸುವುದಕ್ಕಲ್ಲ. ಕೇಬಲ್ ಟೆಲಿವಿಷನ್ ಜಾಲಗಳ 1994ರ ನಿಯಮಗಳ ಆರನೆಯ ನಿಯಮ ಅರ್ಧಸತ್ಯದ ಕಾರ್ಯಕ್ರಮಗಳನ್ನೂ, ಮೂಢನಂಬಿಕೆಗೆ ಉತ್ತೇಜನ ಕೊಡುವ ಕಾರ್ಯಕ್ರಮಗಳನ್ನೂ ಪ್ರಸಾರ ಮಾಡಬಾರದೆಂದು ಹೇಳುತ್ತದೆ. ಅದೇ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ವೀಕ್ಷಕನ ದೂರು ತಲುಪಿತೆಂದು ವಾಹಿನಿ 24 ಗಂಟೆಯೊಳಗೆ ತಿಳಿಸಬೇಕು, 15 ದಿನಗಳೊಳಗೆ ತೀರ್ಮಾನ ಹೇಳಬೇಕು. ಆ ಗ್ರಹಣದ ಚರ್ಚೆಯ ಬಗ್ಗೆ ವಾಹಿನಿಗೆ ನಾನು ಕಳುಹಿಸಿದ ದೂರಿಗೆ ಎರಡೂ ಆಗಲಿಲ್ಲ. ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆ ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ತನ್ನ ವ್ಯಾಪ್ತಿಯ ಹೊರಗೇ ಇಟ್ಟಿದೆ, ಅದನ್ನು ನಾನು ಬಲ್ಲೆ. 2025ರಲ್ಲಿ ರಾಜ್ಯ ಸರ್ಕಾರ ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು ಎಂಬ ಕರಡು ಮಸೂದೆ ಸಿದ್ಧಪಡಿಸಿದಾಗ ನಾನು ಸಂತೋಷಪಟ್ಟವನಲ್ಲ. ಯಾವುದು ಸುಳ್ಳು ಎಂದು ಮಂತ್ರಿಗಳು ತೀರ್ಮಾನಿಸುವ ದಿನ ಬಂದರೆ ಮೊದಲು ಬಾಯಿ ಮುಚ್ಚಬೇಕಾಗುವುದು ಪ್ರಶ್ನೆ ಕೇಳುವವರೇ. ಆದರೆ ನೀವು ಸ್ವಂತವಾಗಿ ತಿದ್ದಿಕೊಳ್ಳದೆ ಹೋದರೆ ಅಂಥ ಕಾನೂನನ್ನು ಜನರೇ ಕೇಳಿ ತರಿಸಿಕೊಳ್ಳುತ್ತಾರೆ. ಸ್ವಯಂ ನಿಯಂತ್ರಣದ ಗರಿಷ್ಠ ದಂಡವೇ 1 ಲಕ್ಷ ರೂಪಾಯಿ ಎಂದರೆ ಅದರಿಂದ ಏನು ಪರಿಣಾಮ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಕೇಳಿದೆ.

ಈಗ ನನ್ನ ಕೋರಿಕೆಗಳು. ಅತಿಥಿಯ ಹೆಸರಿನ ಕೆಳಗೆ ಅವರು ಏನು ಓದಿದ್ದಾರೆ, ಏನು ಕೆಲಸ ಮಾಡುತ್ತಾರೆ ಎಂಬುದನ್ನು ಬರೆಯಿರಿ. ಪರ, ವಿರೋಧ ಎಂಬ ಹಣೆಪಟ್ಟಿ ಹಚ್ಚುವ ಮೊದಲು ಅವರ ಒಪ್ಪಿಗೆ ಕೇಳಿ. ನಿಜವಾಗಿಯೂ ಎರಡು ಅಭಿಪ್ರಾಯವಿರುವ ವಿಷಯಗಳು ರಾಜ್ಯದಲ್ಲಿ ಬೇಕಾದಷ್ಟಿವೆ: ಮೇಕೆದಾಟು, ಎತ್ತಿನಹೊಳೆ, ಒಳಮೀಸಲಾತಿ, ಶಾಲೆಯ ಮಾಧ್ಯಮ. ಅಲ್ಲಿ ಬೇಕಾದಷ್ಟು ಜಗಳವಾಡಿಸಿ. ಭೂಮಿಯ ನೆರಳಿಗೆ, ಲಸಿಕೆಗೆ, ಜಿಪಿಎಸ್ಸಿಗೆ ಎದುರಾಳಿ ಬೇಕಿಲ್ಲ. ಅಲ್ಲಿ ತಿಳಿದವರಿಗೆ ಮೂರು ನಿಮಿಷ ಕೊಡಿ, ನಡುವೆ ತಡೆಯಬೇಡಿ.

ತಪ್ಪು ಸುದ್ದಿ ಹೋದರೆ, ಅದು ಹೋದ ಹೊತ್ತಿನಲ್ಲೇ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ತಿದ್ದುಪಡಿ ಹಾಕಿ. ಯೂಟ್ಯೂಬಿನಲ್ಲಿ ಉಳಿದಿರುವ ಹಳೆಯ ವಿಡಿಯೊದ ಮೇಲೂ ಅದನ್ನು ಬರೆಯಿರಿ. ಅಳಿಸಿ ಕೈತೊಳೆದುಕೊಳ್ಳುವುದಕ್ಕಿಂತ ಬರೆದು ಉಳಿಸುವುದು ಒಳ್ಳೆಯದು. ಬೆಳಗಿನ ಭವಿಷ್ಯದ ಹೊತ್ತು ಯಾರಾದರೂ ಹಣ ಕೊಟ್ಟು ಪಡೆದದ್ದಾದರೆ ಪರದೆಯ ಮೂಲೆಯಲ್ಲಿ ‘ಜಾಹೀರಾತು’ ಎಂಬ ಪದ ಇಡೀ ಹೊತ್ತು ಇರಲಿ. ನಿಮ್ಮ ಸುದ್ದಿಮನೆಗಳಲ್ಲಿ ರಾಜಕೀಯಕ್ಕೆ, ಸಿನಿಮಾಕ್ಕೆ, ಅಪರಾಧಕ್ಕೆ ಪ್ರತ್ಯೇಕ ವರದಿಗಾರರಿದ್ದಾರೆ, ಬಿ.ಎಸ್‌ಸಿ. ಓದಿದ ಒಬ್ಬ ಹುಡುಗ ಅಥವಾ ಹುಡುಗಿಯನ್ನು ವಿಜ್ಞಾನಕ್ಕೆಂದೇ ನೇಮಿಸಿಕೊಳ್ಳಿ. ನೋಟಿನ ಚಿಪ್‌ನಂಥ ಕತೆ ಬಂದಾಗ ‘ತಡೆಯಿರಿ, ಕೇಳಿ ನೋಡುತ್ತೇನೆ’ ಎನ್ನುವ ಅಧಿಕಾರವೂ ಆ ವ್ಯಕ್ತಿಗೆ ಇರಲಿ. ಇಲ್ಲದಿದ್ದರೆ ನೇಮಕಾತಿ ವ್ಯರ್ಥ.

ಇವೆಲ್ಲಕ್ಕೆ ಒಂದು ದಿನಾಂಕವನ್ನೂ ಸೂಚಿಸುತ್ತೇನೆ. 2027ರ ಆಗಸ್ಟ್ 2, ಸೋಮವಾರ ಸೂರ್ಯಗ್ರಹಣ. ಈಜಿಪ್ಟಿನ ಲಕ್ಸರ್ ಸುತ್ತಮುತ್ತ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಹಗಲೇ ಕತ್ತಲಾಗುತ್ತದೆ. ಕರ್ನಾಟಕದಲ್ಲಿ ಸಂಜೆಯ ಹೊತ್ತಿಗೆ ಭಾಗಶಃ ಕಾಣುತ್ತದೆ. ಇದೇ ಗ್ರಹಣವನ್ನು ಎರಡು ವರ್ಷ ಹಿಂದಕ್ಕೆಳೆದು, 2025ರ ಆಗಸ್ಟ್ 2ರಂದು ಇಡೀ ಜಗತ್ತಿಗೆ ಆರು ನಿಮಿಷ ಕತ್ತಲು ಎಂದು ಈಗಾಗಲೇ ಒಮ್ಮೆ ಸುಳ್ಳು ಹಬ್ಬಿಸಿದ್ದಾಗಿದೆ. ನಿಜವಾದ ದಿನ ಆಷಾಢದ ಅಮಾವಾಸ್ಯೆ, ಅಂದರೆ ಭೀಮನ ಅಮಾವಾಸ್ಯೆ. ಹೆಂಗಸರು ಗಂಡನ ಆಯುಷ್ಯ ಕೋರಿ ವ್ರತ ಮಾಡುವ ದಿನವೇ ಗ್ರಹಣ. ನಿಮ್ಮ ಶೀರ್ಷಿಕೆಗಳನ್ನು ನಾನು ಈಗಲೇ ಓದಬಲ್ಲೆ: ‘ಗಂಡಂದಿರಿಗೆ ಗಂಡಾಂತರ?’ ಕೊನೆಯ ಪ್ರಶ್ನಾರ್ಥಕ ಚಿಹ್ನೆ ನಿಮ್ಮ ವಕೀಲರ ಸಲಹೆ ಇರಬೇಕು.

ಆ ದಿನ ಆ ಪ್ರಶ್ನಾರ್ಥಕ ಚಿಹ್ನೆಯನ್ನು ಬಿಟ್ಟು ಒಂದು ಕ್ಯಾಮೆರಾ ಕಳುಹಿಸಿಕೊಡಿ. ಬೆಂಗಳೂರಿನ ನೆಹರೂ ತಾರಾಲಯಕ್ಕೆ ಕಳುಹಿಸಿ, ಪಿಲಿಕುಳಕ್ಕೆ ಕಳುಹಿಸಿ, ಅಥವಾ ನಮ್ಮ ಕಾಲೇಜಿನ ಮೈದಾನಕ್ಕೆ ಬನ್ನಿ. ಪ್ರಮಾಣಿತ ಸೌರ ಕನ್ನಡಕಗಳನ್ನು ತರಿಸಲು ಪ್ರಾಂಶುಪಾಲರ ಅನುಮತಿ ಕೇಳುತ್ತೇನೆ, ರಟ್ಟಿನಲ್ಲಿ ತೂತು ಕೊರೆದು ಗೋಡೆಯ ಮೇಲೆ ಬಿಂಬ ಬೀಳಿಸುವ ಏರ್ಪಾಟನ್ನು ಮಕ್ಕಳೇ ಮಾಡುತ್ತಾರೆ. ವ್ರತ ಮುಗಿಸಿದ ಹೆಂಗಸರೂ ಬರಬಹುದು, ಗಂಡಂದಿರನ್ನೂ ಕರೆತರಬಹುದು. ಮಾತನಾಡಲು ನಾನು ಬೇಕಿಲ್ಲ. ಮಕ್ಕಳನ್ನು ಕೇಳಿ, ಹೇಳುತ್ತಾರೆ. ಆಗಸ್ಟ್ ಮಳೆಗಾಲ, ಮೋಡ ಮುಸುಕಿದರೆ ಅದನ್ನೂ ಹಾಗೆಯೇ ತೋರಿಸಿ.

ಕೊನೆಯದಾಗಿ, ನಾನು ಕಳುಹಿಸಿದ ದೂರಿನ ಪ್ರತಿಯನ್ನು ಸ್ವಯಂ ನಿಯಂತ್ರಣ ಸಂಸ್ಥೆಗೂ ಮೇಲ್ಮನವಿಯಾಗಿ ಕಳುಹಿಸುತ್ತಿದ್ದೇನೆ. ಸಂಬಂಧಪಟ್ಟ ವಾಹಿನಿಯವರಿಗೆ ತಾವು ಯಾರೆಂದು ತಿಳಿದಿದೆ, ನನ್ನ ವಿಳಾಸ ಅವರ ಕಚೇರಿಯಲ್ಲಿದೆ. ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಭೌತಶಾಸ್ತ್ರ ಉಪನ್ಯಾಸಕ,
ಹಾಸನ ಜಿಲ್ಲೆ